ಕಂಬಳಿ ಕಿತ್ತ ಸಿಸ್ಟರ್

ಮಲಗಿದ ಸೈನಿಕರಿಂದ ಕವಾಯತು ಮಾಡಿಸುವುದು ಎಂದಿಗೂ ಆಗದ ಮಾತು ಎಂದವರು ವಾರ್ಡಿನ ಸುಬೇದಾರರು. ನಮ್ಮ ಮನೆಯ ಮೊದಲ ಡಿಗ್ರಿ ಹಿಡಿದು ನಾನು ನರ್ಸಾಗಿ ಸೇರಿದ್ದು ಬೆನ್ಸನ್ ಟೌನಿನ ಆ ಗಾಯಾಳು ಸೈನಿಕರ ಆರೈಕೆ ಕೇಂದ್ರಕ್ಕೆ. ಅಲ್ಲಿನ ಹಿರಿಯ ಸಿಸ್ಟರ್ ಪೆನ್ಸಿಲಿನಿಂದ ಒಬ್ಬೊಬ್ಬರ ಅಂಗಾಲು ತಟ್ಟಿ, "ಪಾದ ಆಡ್ಸ್ರಪ್ಪಾ, ಇಲ್ದಿದ್ರೆ ರಕ್ತ ಹೆಪ್ಪುಗಟ್ಟುತ್ತೆ" ಎಂದು ದಿನವೂ ಆ ಕವಾಯತನ್ನೇ ಮಾಡಿಸುತ್ತಿದ್ದರು.

ತಪಾಸಣೆಯ ವಾರ ಸುಬೇದಾರರು ಕಂಬಳಿಗಳನ್ನು ಬಿಗಿದು ಹಾಸಿಗೆಯಡಿ ಸಿಕ್ಕಿಸಿ, ಯಾರೂ ಕಾಲು ಅಲ್ಲಾಡಿಸದಂತೆ ಮಾಡಿದರು.

"ಸುಕ್ಕು ಬಿದ್ರೆ ನನ್ನ ಮಾನ ಹೋಗುತ್ತೆ ಸಿಸ್ಟರ್."

"ರಕ್ತಕ್ಕೂ ಸಾವಧಾನ್, ಅಲ್ಲಾಡದೆ ನಿಲ್ಲು ಅಂತ ಹೇಳ್ತೀರಾ ಸರ್?" ಎಂದ ಸಿಸ್ಟರ್, ತಪಾಸಣೆಗೆ ಬಂದ ಕರ್ನಲ್ ಎದುರೇ ಕಂಬಳಿ ಕಿತ್ತರು. ರಾಯಚೂರಿನ ಸೈನಿಕನೊಬ್ಬನ ಮೀನಖಂಡ ಊದಿತ್ತು. ಹೆಪ್ಪು ಶ್ವಾಸಕೋಶಕ್ಕೇರುವ ಮೊದಲೇ ರಕ್ತ ತೆಳುವಾಗಿಸುವ ಇಂಜೆಕ್ಷನ್ ಶುರುವಾಯಿತು, ಹುಡುಗ ಉಳಿದ.

ಅಚ್ಚುಕಟ್ಟಾದ ವಾರ್ಡಿನ ಪ್ರಮಾಣಪತ್ರವನ್ನು ಕರ್ನಲ್ ಸುಬೇದಾರರಿಗೇ ಕೊಟ್ಟರು. ಆ ಸೈನಿಕನ ತಾಯಿ ಸಿಸ್ಟರ್ ಕೈ ಹಿಡಿದು ಹೇಳಿದಳು: "ಹಾಸಿಗಿ ಚಂದ ಇಟ್ಟಾರಂತ ಕಾಗದ ಕೊಟ್ರೇನವ್ವಾ? ಕೊಡ್ಲಿ ಬಿಡು. ನನ್ನ ಮಗ ಆ ಹಾಸಿಗಿ ಬಿಟ್ಟು ಎದ್ದಾನ."