ಬೀಗ ಹಾಕಿದ ಲೈನುಮನೆ

ಮತದಾರರ ಪಟ್ಟಿಯಿಂದ ಹೆಸರುಗಳು ಏಕೆ ಬಿಟ್ಟುಹೋಗುತ್ತವೆ ಎಂಬುದು ನನ್ನ ಸಂಶೋಧನೆಯ ವಿಷಯ. ತಿತಿಮತಿ ಕಡೆಯ ಕಾಫಿ ಎಸ್ಟೇಟೊಂದಕ್ಕೆ ಹೋದಾಗ ಎಲ್ಲ ಬಲ್ಲೆನೆಂಬ ಜಂಬವಿತ್ತು. ಹೊತ್ತು ಹನ್ನೊಂದಾಗಿತ್ತು. ಕೆಲಸಗಾರರ ಲೈನುಮನೆಗಳಿಗೆಲ್ಲ ಬೀಗ. ಪಟ್ಟಿಯಿಂದ ತೆಗೆದ ಹೆಸರುಗಳ ಮುಂದೆ ಮನೆಮನೆ ಪರಿಶೀಲನೆಗೆ ಬಂದವರು ‘ಊರು ಬಿಟ್ಟಿದ್ದಾರೆ’ ಎಂದು ಬರೆದಿದ್ದರು. ನಾನೂ ಕಣ್ಣುಮುಚ್ಚಿ ಹಾಗೇ ಬರೆದುಕೊಂಡೆ. ಊರಿಗೆ ಮರಳಿ ಕೂಲಿಕಾರರ ವಲಸೆಯ ಬಗ್ಗೆ ಒಂದು ಅಧ್ಯಾಯವನ್ನೇ ಬರೆದು ಬೀಗಿದೆ.

ಮತ್ತೊಮ್ಮೆ ಹೋದದ್ದು ಸಂಜೆ. ಕಾಫಿ ಹಣ್ಣಿನ ತೂಕಕ್ಕೆ ಎಲ್ಲರೂ ಸೇರಿದ್ದರು. ಮೂಟೆ ಇಳಿಸುತ್ತಿದ್ದ ಒಬ್ಬ ಹೆಂಗಸು ಯಾರು ಬೇಕೆಂದು ಕೇಳಿದರು. ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದ ಊರು ಬಿಟ್ಟವರ ಸಾಲಿನಿಂದ ಒಂದು ಹೆಸರು ಓದಿದೆ. ಅದು ಅವರದೇ ಹೆಸರು! ಹಿಂದೆ ಹನ್ನೊಂದು ಗಂಟೆಗೆ ಬಂದಾಗ ಮನೆಗೆ ಬೀಗವಿತ್ತೆಂದು ತಡವರಿಸಿದೆ.

“ನಾನು ಊರು ಬಿಟ್ಟಿದ್ದೀನಾ? ಪಿಕ್ಕಿಂಗ್ ಟೈಮಲ್ಲಿ ಹನ್ನೊಂದು ಗಂಟೆಗೆ ಮನೇಲಿ ಯಾರ್ ಇರ್ತಾರೆ ಮೇಡಂ? ಇಪ್ಪತ್ತು ವರ್ಷದಿಂದ ಇದೇ ಲೈನಲ್ಲಿದ್ದೀನಿ. ಹೋದ್ಸಲ ಎಲ್ಲರ ಎದ್ರಿಗೆ ಬೂತಿಂದ ವಾಪಸ್ ಕಳ್ಸಿದ್ರು. ಈ ಸಲ ನಾನು ಓಟ್ ಹಾಕ್ಲೇಬೇಕು.”

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಜೊತೆಗೆ ನನ್ನ ಮೇಲೇ ಸಿಟ್ಟು ಬಂತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕಾಡಿ ಬೇಡಿ ಹಾಜರಿ ಪುಸ್ತಕ ತೆರೆಸಿದೆ. ಪರಿಶೀಲನೆಯವರು ‘ಊರು ಬಿಟ್ಟಿದ್ದಾರೆ’ ಎಂದು ಬರೆದ ದಿನವೇ ಆ ಲೈನಿನವರೆಲ್ಲ ತೋಟದಲ್ಲಿ ಹಾಜರು! ನಿಂತಲ್ಲೇ ಚಪ್ಪಾಳೆ ತಟ್ಟಿದೆ. ರೈಟರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಎರಡೂ ದಾಖಲೆಗಳನ್ನು ತಾಲೂಕು ಕಚೇರಿಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವರು, ವಾದಿಸಲಿಲ್ಲ. ಇನ್ನು ಮುಂದೆ ಕುಯ್ಲಿನ ಕಾಲದಲ್ಲಿ ಪರಿಶೀಲನೆಯವರು ಹೋಗಬೇಕಾದದ್ದು ಸಂಜೆ ತೂಕದ ಹೊತ್ತಿಗೆ ಎಂದು ಆದೇಶ ಮಾಡಿದರು. ಆ ವಾರವೇ ತೂಕದ ಜಾಗದಲ್ಲಿ ಮೂಟೆಗಳ ಮೇಲೆ ಹಲಗೆ ಇಟ್ಟು ಹೆಸರು ಮತ್ತೆ ಸೇರಿಸುವ ಅರ್ಜಿ ತುಂಬಿಸಿದೆವು. ನನ್ನ ಅಧ್ಯಾಯವನ್ನು ಹರಿದು ಹೊಸದಾಗಿ ಬರೆದೆ. ವಿಚಾರಸಂಕಿರಣದಲ್ಲಿ ಮೊದಲು ನನ್ನದೇ ತಪ್ಪನ್ನು ಓದಿದೆ. ವಲಸೆಯೇ ಕಾರಣವೆಂದು ಹಿಂದೆ ಬರೆದಿದ್ದ ಹಿರಿಯ ಸಂಶೋಧಕರೊಬ್ಬರು ಹಾಜರಿ ಪುಸ್ತಕದ ಪ್ರತಿ ಕೇಳಿ ಪಡೆದರು. ನನಗೆ ಒಳಗೊಳಗೇ ಖುಷಿಯೋ ಖುಷಿ.

ಮತದಾನದ ದಿನ ನಾನು ಮತಗಟ್ಟೆಯ ಗೇಟಿನಾಚೆ ನಿಂತಿದ್ದೆ. ಆ ಹೆಂಗಸು ಮಡಿಕೆ ಮುರಿಯದ ಸೀರೆಯುಟ್ಟು ಒಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಶಾಯಿ ಹಚ್ಚಿದ ಬೆರಳು ಎತ್ತಿಕೊಂಡೇ ಹೊರಬಂದು ನೆಟ್ಟಗೆ ನನ್ನ ಬಳಿಗೆ ಬಂದರು.

“ಅವರ ಲಿಸ್ಟಲ್ಲಿ ಸರಿಯಾಗಿದೆ ಮೇಡಂ. ನಿಮ್ಮ ಬುಕ್ಕಲ್ಲಿ?”

“ಅಲ್ಲೂ ಸರಿ ಮಾಡಿದೆ. ಊರು ಬಿಟ್ಟಿಲ್ಲ, ತೋಟದಲ್ಲಿದ್ದರು ಅಂತ ಬರೆದಿದ್ದೀನಿ,” ಎಂದೆ.