ಗುಡುಗು ಮೇಷ್ಟ್ರ ಪಿಸುದನಿ
ಗಣಿತದ ಮೇಷ್ಟ್ರಿಗೆ ಹೈಸ್ಕೂಲಿನ ತುಂಬ ಗುಡುಗು ಮೇಷ್ಟ್ರು ಎಂದೇ ಹೆಸರು. ಅವರು ಇಲ್ಲಿ ಪ್ರಮೇಯ ಹೇಳಿದರೆ ಪಕ್ಕದ ಕೊಠಡಿಯ ಮಕ್ಕಳು ಬರೆದುಕೊಳ್ಳುತ್ತಿದ್ದರು. ಆಡುವಾಗ ಗೋಲು ಕಂಬಕ್ಕೆ ತಲೆ ಬಡಿದು, ಮಿದುಳಿಗೆ ಪೆಟ್ಟಾಗಿ ಮನೆಯಲ್ಲಿದ್ದ ಹುಡುಗಿಯೊಬ್ಬಳು ಅವರ ತರಗತಿಗೆ ಮರಳಿದಾಗ, ಸದ್ದು ಬೆಳಕು ಎರಡೂ ಅವಳಿಗೆ ಸದ್ಯಕ್ಕೆ ಆಗದೆಂದು ಡಾಕ್ಟರು ಹೇಳಿ ಕಳಿಸಿದ್ದರು. ಅಂದಿನಿಂದ ಮೇಷ್ಟ್ರು ಬೆಕ್ಕಿನ ಹೆಜ್ಜೆಯಲ್ಲಿ ಒಳಬರುತ್ತಾರೆ, ಅವಳ ಪಕ್ಕದ ಕಿಟಕಿಗೆ ತಮ್ಮ ಕೊಡೆಯನ್ನೇ ಬಿಚ್ಚಿ ಅಡ್ಡ ಇಡುತ್ತಾರೆ, ಸೀಮೆಸುಣ್ಣ ಕಿರುಗುಟ್ಟಿದರೆ ಅದನ್ನೂ ಗದರುತ್ತಾರೆ, ಅದೂ ಪಿಸುದನಿಯಲ್ಲಿ. ಲೆಕ್ಕ ನಡುವಿಗೆ ಬಂದಾಗ, "ನೋಯ್ತಿದ್ರೆ ಸ್ವಲ್ಪ ಹೊತ್ತು ತಲೆ ಇಟ್ಟು ಮಲಕ್ಕೋಮ್ಮ, ಎಕ್ಸ್ ಎಲ್ಲಿಗೂ ಓಡಿ ಹೋಗಲ್ಲ" ಎನ್ನುತ್ತಾರೆ. ಮಾತು ಕೇಳಿಸದೆ ಹಿಂದಿನ ಬೆಂಚಿನವರೆಲ್ಲ ಮುಂದಕ್ಕೆ ಬಂದು ಒತ್ತರಿಸಿಕೊಂಡು ಕೂರುತ್ತಾರೆ. ಮನೆಯಲ್ಲೂ ಅದೇ ದನಿ ಉಳಿದುಬಿಟ್ಟು, "ಗಂಟಲಿಗೇನಾಯ್ತು ನಿಮಗೆ?" ಎಂದು ಹೆಂಡತಿ ಬಿಸಿನೀರು ತಂದಿಟ್ಟರೆ, ಅದನ್ನೂ ಕುಡಿದುಬಿಡುತ್ತಾರೆ. ಆದರೆ ಪಾಠದ ನಡುವೆ ದಿನವೂ ದನಿಯನ್ನು ಒಂದು ಎಳೆಯಷ್ಟು ಏರಿಸಿ, ಅವಳ ಹುಬ್ಬನ್ನು ಕದ್ದು ನೋಡುತ್ತಾರೆ; ಹುಬ್ಬು ಗಂಟಾದರೆ ಕೂಡಲೇ ಇಳಿಸುತ್ತಾರೆ. ಇವತ್ತು ಆ ಹುಡುಗಿಯೇ ಪಕ್ಕದವಳ ಜೊತೆ ಹರಟುತ್ತಿದ್ದಳು. ಮೇಷ್ಟ್ರು ಮೈಮರೆತು, "ಏನದು ಅಲ್ಲಿ ಸಂತೆ?" ಎಂದು ಗುಡುಗಿಬಿಟ್ಟರು. ಮರುಗಳಿಗೆಯೇ ಅವಳ ಹುಬ್ಬು ನೋಡಿದರು. ಅದು ಅಲುಗಲಿಲ್ಲ. "ಏನಿಲ್ಲ ಸಾರ್" ಎಂದಳು, ಏನೂ ಅರಿಯದವಳಂತೆ, ಪೆಟ್ಟು ಬೀಳುವ ಮೊದಲಿನ ಹಾಗೆಯೇ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಕನ್ನಡಕ ಒರೆಸಿಕೊಂಡು, ಪ್ರಮೇಯವನ್ನು ಮೊದಲಿನಿಂದ, ತುಂಬುದನಿಯಲ್ಲಿ ಶುರು ಮಾಡಿದರು. ಪಕ್ಕದ ಕೊಠಡಿಯಲ್ಲಿ ನೋಟ್‌ಬುಕ್ಕುಗಳು ತೆರೆದುಕೊಂಡವು.