ನೆಲುವಿನಿಂದ ಇಳಿದ ಉಪ್ಪಿನ ಗಡಿಗೆ

ದೇವರಿದ್ದಾನೆ ಎಂದು ನಂಬಿದವಳು ನಾನು. ಹಣೆಗೆ ವಿಭೂತಿ ಹಚ್ಚದೆ ಒಂದು ದಿನವೂ ಒಲೆ ಹೊತ್ತಿಸಿದವಳಲ್ಲ. ಆದರೆ ಆ ದೇವರು ನಮ್ಮಂಥವರ ಅಡುಗೆಮನೆಗೆ ಬಂದು ಕೆಲಸ ಮಾಡಿಕೊಟ್ಟು ಹೋಗುತ್ತಾನೆ ಎಂದರೆ ನನಗೆ ನಗು ಬರುತ್ತಿತ್ತು. ಅವನಿಗೆ ಅಷ್ಟು ಪುರಸೊತ್ತು ಎಲ್ಲಿಯದು? ಯಾರಾದರೂ ಅಂಥ ಕಥೆ ತೆಗೆದರೆ ರೊಟ್ಟಿ ಬಡಿಯುತ್ತಲೇ ‘ಹೌದೇನು’ ಎಂದು ಸುಮ್ಮನಾಗುತ್ತಿದ್ದೆ. ಇದನ್ನು ಓದಿ ನೀವೂ ‘ಹೌದೇನು’ ಎಂದರೆ ನನಗೆ ಸಿಟ್ಟಿಲ್ಲ.

ನಿಜಾಮರ ಕಾಲದ ಮಾತು. ಸಿಂಧನೂರಿನ ಹತ್ತಿರ ಸಾಲಗುಂದದಲ್ಲಿ ನಮ್ಮ ಮನೆ. ಅತ್ತೆ, ಮಾವ, ನಮ್ಮನೆಯವರು, ನಾನು, ಮೈದುನ, ಅವನ ಹೆಂಡತಿ ಈರಮ್ಮ, ಇಷ್ಟೇ ಜನ. ಈರಮ್ಮ ಮದುವೆಯಾಗಿ ಬಂದಾಗ ಗೋಧಿ ಬಣ್ಣದ, ಕೈ ತುಂಬಾ ಕೆಲಸ ಮಾಡುವ ಹುಡುಗಿ. ಎರಡು ವರ್ಷದಲ್ಲಿ ಏನಾಯಿತೋ, ಸೊರಗತೊಡಗಿದಳು. ಎದ್ದು ನಿಂತರೆ ತಲೆ ತಿರುಗಿ ಗೋಡೆ ಹಿಡಿಯುವಳು. ಮೈ ಕಪ್ಪಿಟ್ಟಿತು. ಬಿಸಿಲಿಗೆ ಕಪ್ಪಾಗುವುದು ನಮಗೇನು ಹೊಸದಲ್ಲ, ಆದರೆ ಈಕೆಗೆ ಅಂಗೈ ಗೆರೆಗಳು, ಒಸಡು ಕೂಡ ಕಪ್ಪಾದವು. ಜೊತೆಗೊಂದು ವಿಚಿತ್ರ ಚಾಳಿ. ಉಪ್ಪು ತಿನ್ನುವುದು. ಹರಳುಪ್ಪನ್ನು ಸಕ್ಕರೆಯಂತೆ ಬಾಯಿಗೆ ಹಾಕಿಕೊಳ್ಳುವಳು. ಉಪ್ಪಿನಕಾಯಿಯ ರಸ ಕುಡಿಯುವಳು.

ನಮ್ಮ ಅತ್ತೆ ಇವೆರಡನ್ನೂ ಕೂಡಿಸಿ ನೋಡಿದರು. “ಉಪ್ಪು ತಿಂದು ತಿಂದು ಈಕಿ ರಕ್ತ ಸುಟ್ಟೈತಿ. ಅದಕ್ಕ ಮೈ ಕರ್ರಗಾಗೈತಿ” ಎಂದು ತೀರ್ಪು ಕೊಟ್ಟರು. ಕೊಟ್ಟು ಅಷ್ಟಕ್ಕೇ ಬಿಡಲಿಲ್ಲ. ಮಸ್ಕಿ ಗುಡ್ಡದ ಮಲ್ಲಯ್ಯನಿಗೆ ಹರಕೆ ಹೊತ್ತರು. ಮೂರು ಸೋಮವಾರ ಮುಗಿಯುವ ತನಕ ಮನೆಯ ಯಾರ ನಾಲಿಗೆಗೂ ಉಪ್ಪು ತಾಕಬಾರದು. ಉಪ್ಪಿನ ಗಡಿಗೆಗೆ ಬಟ್ಟೆ ಕಟ್ಟಿ, ಗಂಟಿನ ಮೇಲೆ ವಿಭೂತಿ ಬಳಿದು, ನೆಲುವಿನಲ್ಲಿಟ್ಟು ಜಂತಿಗೆ ತೂಗುಹಾಕಿಸಿದರು. ನಮ್ಮನೆಯವರು ಆರಡಿ ಆಳು. ಅವರೇ ಜೋಳದ ಚೀಲದ ಮೇಲೆ ಚೀಲ ಇಟ್ಟು ಹತ್ತಬೇಕಾಯಿತು. ಅತ್ತೆಯ ಗಂಟು ಬೇರೆ. ಅವರು ಹಾಕಿದ ಗಂಟನ್ನು ಬಿಚ್ಚಲು ಆಗದೆ ನಾವು ಎಷ್ಟೋ ಸಲ ಕೊಯ್ದಿದ್ದೇವೆ.

ಉಪ್ಪಿಲ್ಲದ ಪುಂಡಿ ಪಲ್ಯ ಉಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಮೊದಲ ದಿನ ಎಲ್ಲರೂ ಭಕ್ತಿಯಿಂದ ಉಂಡರು. ಎರಡನೆಯ ದಿನ ಬೇಗ ಬೇಗ ಉಂಡರು. ಮೂರನೆಯ ದಿನದಿಂದ ಗಂಡಸರಿಗೆಲ್ಲ ಹೊರಗೆ ಬಹಳ ಕೆಲಸ ಬಂದವು. ಮಾವ ಊಟದ ಹೊತ್ತಿಗೇ ಪಂಚಾಯ್ತಿ ಎಂದು ಏಳುವರು. ಮೈದುನ ದಿನ ಬಿಟ್ಟು ದಿನ ಸಿಂಧನೂರಿಗೆ ಹೊರಡುವನು. ಅತ್ತೆ ಮಾತ್ರ ಮನೆ ಬಿಡದೆ, ಹೊಸ್ತಿಲಲ್ಲಿ ಕೂತು ಜಪ ಹೆಚ್ಚಿಸಿದರು.

ಈರಮ್ಮ ಎಲ್ಲಿಗೆ ಹೋದಾಳು? ಹಾಸಿಗೆ ಹಿಡಿದಿದ್ದಳು. ಒಂದು ಹರಳು ಕೂಡ ಬೇಡಲಿಲ್ಲ. “ನನ್ನ ಸಲುವಾಗಿ ಮನೀಮಂದೆಲ್ಲ ಉಪ್ಪು ಬಿಟ್ಟಾರಕ್ಕ. ನಾ ಹೆಂಗ ತಿನ್ಲಿ?” ಎಂದಳು. ಆ ಮಾತು ಕೇಳಿದಾಗ ನನ್ನ ಸೆರಗಿನ ಗಂಟು ನನಗೆ ಭಾರವಾಯಿತು. ಅದರಲ್ಲಿ ಅಡಕೆ ಗಾತ್ರದ ಉಪ್ಪಿನ ಹೆಂಟೆ ಇತ್ತು. ನಾಲ್ಕನೆಯ ದಿನ ಪಕ್ಕದ ಮನೆಯಿಂದ ತಂದದ್ದು. ಗುಟ್ಟಾಗಿ ನೆಕ್ಕಿ ಮತ್ತೆ ಕಟ್ಟಿಕೊಳ್ಳುತ್ತಿದ್ದೆ.

ಹತ್ತನೆಯ ದಿನ ಮಧ್ಯಾಹ್ನ ಈರಮ್ಮನ ಕೈಕಾಲು ತಣ್ಣಗಾದವು. ಬೆಳಗಿನಿಂದ ವಾಂತಿ. ಕರೆದರೆ ಕಣ್ಣು ತೆರೆಯುತ್ತಿಲ್ಲ. “ಅತ್ತಿ, ಒಂದೀಟು ಉಪ್ಪಿನ ಮಜ್ಜಿಗಿ ಕುಡಿಸೋಣೇನ್ರಿ?” ಎಂದೆ. “ಇನ್ನೈದು ದಿನ ಉಳದಾವ. ಈಗ ಮುರದ್ರ ಮಲ್ಲಯ್ಯ ಸುಮ್ಮನ ಬಿಡ್ತಾನೇನಬೇ? ಆಕೀನ್ನ ಕರಕೊಂಡು ಹೋದ್ರ ನೀ ಹೊಣಿ ಆಗ್ತೀಯೇನು?” ಎಂದರು. ವಾಂತಿ ಒರೆಸಲೆಂದು ನೀರಿಗೆ ಹಿತ್ತಲ ಬಾವಿಗೆ ಹೋದೆ.

ಬಾವಿಕಟ್ಟೆಯಲ್ಲಿ ನಿಂತು ಸೆರಗಿನ ಗಂಟನ್ನು ಹಿಡಿದುಕೊಂಡೆ. ಕೊಡಲೋ, ಬಿಡಲೋ. ಕೊಟ್ಟು ಏನಾದರೂ ಆದರೆ ಕೊಂದವಳು ನಾನು. ಕೊಡದೆ ಆದರೆ? ಎರಡು ಕೊಡ ನೀರು ಸೇದುವಷ್ಟು ಹೊತ್ತು ಯೋಚಿಸಿದೆ. ಕೊನೆಗೆ, ಮಲ್ಲಯ್ಯ ಬೈದರೆ ಬೈಸಿಕೊಂಡರಾಯಿತು, ಕೊಟ್ಟೇಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಒಳಗೆ ಬಂದೆ.

ಗಡಿಗೆ ಕೆಳಗಿತ್ತು. ಈರಮ್ಮನ ತಲೆದಿಂಬಿನ ಪಕ್ಕ, ನೆಲದ ಮೇಲೆ, ಒಂದು ಬಿರುಕೂ ಇಲ್ಲದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು. ಗಂಟನ್ನು ಕೊಯ್ದಿರಲಿಲ್ಲ, ಬಿಚ್ಚಿತ್ತು. ಪಕ್ಕದಲ್ಲಿ ಮಜ್ಜಿಗೆಯ ತಂಬಿಗೆ ಬರಿದಾಗಿ, ತಳದಲ್ಲಿ ಕರಗದ ನಾಲ್ಕು ಹರಳು. ಈರಮ್ಮ ತುಟಿ ನೆಕ್ಕುತ್ತ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. “ಇನ್ನೊಂದು ತಂಬಿಗಿ ಕೊಡಕ್ಕ” ಎಂದಳು.

“ಯಾರು ಕೊಟ್ರು?”

“ನೀನಽ ಅಲ್ಲೇನು? ತಲಿ ಎತ್ತಿ ಹಿಡಿದು ಕುಡಿಸಿದಿ. ನಿನ್ನ ಕೈಯಾಗಿನ ಬಳಿ ಸಪ್ಪಳ ಆತಲ್ಲ.”

ನಾನು ಬಾವಿಯಿಂದ ಆಗ ತಾನೆ ಬಂದಿದ್ದೆ. ಕೊಡ ಇನ್ನೂ ಸೊಂಟದ ಮೇಲಿತ್ತು. ಹಿಂಬಾಗಿಲಿನಿಂದ ಬರುವವರು ನನ್ನನ್ನು ದಾಟಬೇಕು, ಮುಂಬಾಗಿಲಿನಿಂದ ಬರುವವರು ಅತ್ತೆಯನ್ನು. ಜೋಳದ ಚೀಲಗಳು ಮೂಲೆಯಲ್ಲಿ ಇದ್ದಲ್ಲೇ ಇದ್ದವು.

ಸಂಜೆಗೆ ಈರಮ್ಮ ಗೋಡೆಗೆ ಒರಗಿ ಕೂತಳು. ಇಳಿದ ಗಡಿಗೆ ಕಂಡ ಅತ್ತೆ ಎಲ್ಲರನ್ನೂ ಗೋಡೆಯಲ್ಲಿನ ದೇವರ ಮಾಡದ ಮುಂದೆ ಸಾಲಾಗಿ ನಿಲ್ಲಿಸಿದರು. “ಇಬತ್ತಿ ಮುಟ್ಟಿ ಹೇಳ್ರಿ. ಮಧ್ಯಾಹ್ನ ಯಾರ್‍ಯಾರು ಎಲ್ಲಿದ್ರಿ? ಸುಳ್ಳು ಹೇಳಿದ್ರ ಮಲ್ಲಯ್ಯ ನೋಡಾಕತ್ತಾನ.”

ಮೊದಲು ಮಾವ ವಿಭೂತಿ ಮುಟ್ಟಿದರು. ಬಹಳ ಹೊತ್ತು ಕೆಮ್ಮಿದರು. “ಖಾದರಸಾಬನ ಮನ್ಯಾಗಿದ್ದೆ. ಅವರ ಮನ್ಯಾಗ ಸಾರು ಛಲೋ ಮಾಡ್ತಾರ.”

“ದಿನಾ ಪಂಚಾಯ್ತಿ ಅಂತಿದ್ರಿ?”

“ದಿನಾ ಅದೇ ಪಂಚಾಯ್ತಿ.”

ನಮ್ಮನೆಯವರು ರುಮಾಲು ಬಿಚ್ಚಿದರು. ಒಳಗೆ ಎಲೆಯಲ್ಲಿ ಸುತ್ತಿದ ಮಾವಿನಕಾಯಿ ಉಪ್ಪಿನಕಾಯಿಯ ತುಂಡು. ಹೊಲದ ಬೇವಿನ ಮರದ ಕೆಳಗೆ ಕೂತಿದ್ದರಂತೆ. ಮೈದುನ ಸಿಂಧನೂರು ಬಜಾರಿನಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದ. “ಎಷ್ಟು ತಿಂದೆಲೇ?” ಎಂದರು ಮಾವ, ತಮ್ಮದನ್ನು ಮರೆಸಲು. “ಆರು. ಎರಡು ಕಟ್ಟಿಸಿಕೊಂಡು ಬಂದೀನಿ” ಎಂದ. ನಾನು ಸೆರಗಿನ ಗಂಟು ಬಿಚ್ಚಿ ಹೆಂಟೆ ತೋರಿಸಿದೆ. ಅದು ಮಧ್ಯಾಹ್ನ ಬಾವಿಕಟ್ಟೆಯಲ್ಲಿ ಇದ್ದ ಹಾಗೇ ಇತ್ತು.

ಆಮೇಲೆ ಎಲ್ಲರೂ ಅತ್ತೆಯನ್ನು ನೋಡಿದೆವು. ಅವರು ವಿಭೂತಿಯ ಮೇಲೆ ಕೈ ಇಟ್ಟು ಮಾಡದ ಕಡೆಗೇ ಮುಖ ಮಾಡಿ ನಿಂತರು. “ಸಂಡಿಗಿ” ಎಂದರು, ಮೆಲ್ಲಗೆ. “ಜಪ ಮಾಡೋವಾಗ ಒಂದೊಂದು ಬಾಯಾಗ ಇಟ್ಕೊಂತಿದ್ದೆ. ಆದರ ಅದು ಹ್ವಾದ ಬ್ಯಾಸಗೀದು. ಉಪ್ಪು ಹರಕೀಕಿಂತ ಮೊದಲಽ ಬಿದ್ದಿತ್ತು.”

ನಾನು ತುಟಿ ಕಚ್ಚಿ ನಗು ತಡೆದೆ. ಮಾವ ನಗಲಿಲ್ಲ. “ಹಂಗಾದ್ರ ಈ ಮನ್ಯಾಗ ಹರಕಿ ನಡಸಿದಾಕಿ ಒಬ್ಬಾಕಿನೇ. ಸಾಯಾಕ ಬಿದ್ದಾಕಿ” ಎಂದರು. ಗಡಿಗೆ ಇಳಿಸಿದವರು ಯಾರು ಎಂದು ಆಮೇಲೆ ಯಾರೂ ಜೋರಾಗಿ ಕೇಳಲಿಲ್ಲ.

ಮರುದಿನ ನಸುಕಿನಲ್ಲೇ ಗಾಡಿ ಹೂಡಿ ಲಿಂಗಸುಗೂರಿನ ದವಾಖಾನೆಗೆ ಹೊರಟೆವು. ದಾರಿಯಲ್ಲಿ ಮಸ್ಕಿ ಗುಡ್ಡ ಕಂಡಾಗ ಅತ್ತೆ ಗಾಡಿಯಿಂದ ಇಳಿದು ನೆಲ ಮುಟ್ಟಿ ಕೆನ್ನೆ ಬಡಿದುಕೊಂಡರು. ನನಗಂತೂ ಈರಮ್ಮ ನನ್ನ ತೊಡೆಯ ಮೇಲೆ ತಲೆಯಿಟ್ಟು ಉಪ್ಪು ಚೀಪುತ್ತ ನಿದ್ದೆ ಹೋದದ್ದೇ ಸಾಕಾಗಿತ್ತು.

ಡಾಕ್ಟರ್ ಸಾಹೇಬರು ಹೈದರಾಬಾದಿನವರು, ವಯಸ್ಸಾದವರು. ಅವಳ ಒಸಡು, ಅಂಗೈ ನೋಡಿ, ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು. “ಹೊಟ್ಟಿ ಒಳಗ ಎರಡು ಮೂತ್ರಪಿಂಡ ಇರ್ತಾವಮ್ಮ. ಒಂದೊಂದರ ನೆತ್ತಿ ಮ್ಯಾಲೆ ಟೊಪ್ಪಿಗಿ ಹಂಗ ಒಂದು ಸಣ್ಣ ಗ್ರಂಥಿ. ಅದರ ರಸ ರಕ್ತದಾಗ ಕೂಡಿ ಮೈಯಾಗ ಉಪ್ಪು ಹಿಡಿದು ಇಟ್ಕೊಂತದ. ಈಕೀದು ಒಣಗಾಕತ್ತೈತಿ. ಅದಕ್ಕ ಉಪ್ಪು ಸೋರಿ ಹೊಂಟೈತಿ, ಬಣ್ಣ ಕಪ್ಪಾಗೈತಿ.”

“ನಮ್ಮ ಸೊಸಿ ಹೊಟ್ಟ್ಯಾಗ ಟೊಪ್ಪಿಗಿ ಹೆಂಗ ಬಂತ್ರಿ?” ಎಂದರು ಅತ್ತೆ.

“ಎಲ್ಲಾರಿಗೂ ಇರ್ತದಮ್ಮ. ನಿಮಗೂ ಐತಿ.”

“ನಾ ಹಾಕಿದಾಕಿ ಅಲ್ಲ” ಎಂದು ಅತ್ತೆ ಸೆರಗು ಸರಿಮಾಡಿಕೊಂಡರು.

ಹತ್ತು ದಿನ ಉಪ್ಪು ಬಿಡಿಸಿದ ಸಂಗತಿ ಹೇಳಿದಾಗ ಸಾಹೇಬರು ಕನ್ನಡಕ ತೆಗೆದರು. “ಆ ಮಜ್ಜಿಗಿ ಇನ್ನೊಂದು ತಾಸು ತಡ ಆಗಿದ್ರ ನೀವು ಇಲ್ಲಿಗೆ ಬರೋ ಗರಜೇ ಇರ್ತಿದ್ದಿಲ್ಲ” ಎಂದರು. ಅತ್ತೆ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟರು.

ಉಳಿದವರು ಹೊರಗೆ ಹೋದ ಮೇಲೆ ನಾನು ಗಡಿಗೆಯ ವಿಷಯ ತೆಗೆದೆ. ಅವಳೇ ಎದ್ದು ಇಳಿಸಿಕೊಂಡಿರಬಹುದೇ? ಸಾಹೇಬರು ಯೋಚಿಸಿದರು. “ಜೀವಕ್ಕ ಬಂದಾಗ ಬಡಕಲು ಮನಷ್ಯಾನೂ ಗೋಡೆ ಜಿಗೀತಾನ. ಆದರ ಅಮ್ಮಾ, ಆ ಬಲ ಕೊಡೋ ರಸಾನೂ ಅದೇ ಗ್ರಂಥಿ ನಡುವಿಂದ ಬರ್ತದ. ಈಕೀಗಿ ಅದೇ ಒಣಗಾಕತ್ತೈತಲ್ಲ. ಗಡಿಗಿ ವಿಷಯ ನನ್ನ ಕಿತಾಬಿನಾಗ ಇಲ್ಲ.”

ಈರಮ್ಮ ಉಪ್ಪಿನ ಬಲದಿಂದಲೇ ವರ್ಷಗಳನ್ನು ದೂಡಿದಳು. ನಿಜಾಮರು ಹೋದ ಮೇಲೆ ಅದಕ್ಕೆ ಗುಳಿಗೆ ಬಂತು. ಒಬ್ಬ ಮಗಳನ್ನು ಹೆತ್ತಳು, ಮೊಮ್ಮಗನನ್ನು ಎತ್ತಿಕೊಂಡಳು. ಅತ್ತೆ ಇರುವ ತನಕ ಮನೆಯಲ್ಲಿ ಊಟಕ್ಕೆ ಕೂತಾಗ ಮೊದಲು ಅವಳ ತಾಟಿಗೆ ಉಪ್ಪು ಬಡಿಸಿದವರು ಅವರೇ. ಗಡಿಗೆಯನ್ನು ಮತ್ತೆ ನೆಲುವಿಗೆ ಏರಿಸಲಿಲ್ಲ.

ಅತ್ತೆ ಅಂದು ಹೊಸ್ತಿಲಲ್ಲಿ ನಿದ್ದೆ ಹೋಗಿರಬಹುದು ಎಂದು ಕೆಲವೊಮ್ಮೆ ಯೋಚಿಸುತ್ತೇನೆ. ಯಾರಾದರೂ ಒಳಗೆ ಬಂದು ಹೋಗಿರಬಹುದು. ಆದರೆ ಬಂದವರು ಅಷ್ಟೆತ್ತರದ ಗಡಿಗೆ ಇಳಿಸಿ, ಆ ಗಂಟು ಬಿಚ್ಚಿ, ಬಟ್ಟೆ ಮಡಿಸಿಟ್ಟು ಹೋದರೇ? ನನಗೆ ಗೊತ್ತಿಲ್ಲ.

ಈರಮ್ಮ ಮಾತ್ರ ಕೊನೆಯವರೆಗೂ ಅದು ನಾನೇ ಎಂದಳು. ನಾನಲ್ಲ ಎಂದು ಎಷ್ಟು ಸಲ ಹೇಳಿದರೂ ನಗುತ್ತಿದ್ದಳು. “ಹೌದೇನು” ಎನ್ನುತ್ತಿದ್ದಳು.